ತಾಂಬರಂನಿಂದ ಹೊರಟ ವಿಮಾನ, ಮನೆಯಲ್ಲಿ ಉಳಿದ ಕಾಗದಪತ್ರ

ಚೆನ್ನೈನ ವೇಳಚ್ಚೇರಿ–ತಾಂಬರಂ ರಸ್ತೆಯಲ್ಲಿ ಆಫೀಸಿಗೆ ಓಡಾಡುವವರಿಗೆ ಪಳ್ಳಿಕರಣೆಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಗೊತ್ತು. ತಾಂಬರಂ ವಾಯುನೆಲೆಯಿಂದ 2016ರ ಜುಲೈ 22ರ ಬೆಳಿಗ್ಗೆ ಪೋರ್ಟ್ ಬ್ಲೇರ್‌ಗೆ ಹೊರಟ ಎಎನ್-32 ವಿಮಾನ ಬಂಗಾಳ ಕೊಲ್ಲಿಯ ಮೇಲೆ ಕಣ್ಮರೆಯಾಯಿತು. ಅದರಲ್ಲಿ 29 ಜನ. ಅವಶೇಷ ಪತ್ತೆಯಾದ ಸುದ್ದಿ ಬಂದದ್ದು 2024ರ ಜನವರಿಯಲ್ಲಿ. ಸಮುದ್ರದ ತಳದಲ್ಲಿ, 3400 ಮೀಟರ್ ಆಳದಲ್ಲಿ, ಇದೇ ಸಂಸ್ಥೆಯ ಮಾನವರಹಿತ ವಾಹನ ಅದರ ಚಿತ್ರ ತೆಗೆದಿತ್ತು.

ನಡುವಿನ ಏಳೂವರೆ ವರ್ಷ ಆ ಮನೆಗಳು ಹೇಗಿದ್ದವೋ! ಕಾಣೆಯಾದವರನ್ನು ಸತ್ತರೆಂದು ತಿಳಿಯಲು ಕಾನೂನು ಸಾಮಾನ್ಯವಾಗಿ ಏಳು ವರ್ಷ ಕಾಯುತ್ತದೆ. ವಾಯುಪಡೆ ಹಾಗೆ ಕಾಯದೆ, ಸೆಪ್ಟೆಂಬರ್‌ನಲ್ಲೇ ಎಲ್ಲರೂ ಮೃತಪಟ್ಟಿರಬೇಕೆಂದು ಕುಟುಂಬಗಳಿಗೆ ತಿಳಿಸಿತು. ಪಿಂಚಣಿ, ವಿಮೆ ಶುರುವಾಗಲು ಅದು ಬೇಕಿತ್ತು. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನ. ಆದರೆ ಮಗನ ಮುಖವನ್ನೂ ನೋಡದ ತಾಯಿಗೆ ಆ ಪತ್ರ ಒಪ್ಪುವುದು ಹೇಗೆ?

ಅದೇ 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಪಾತದಲ್ಲಿ ಸಿಲುಕಿ ತೀರಿಕೊಂಡ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರಿಗಾಗಿ ನಾಡೇ ಮರುಗಿತು. ಲಾರಿ ಉರುಳಿಯೋ ತರಬೇತಿಯಲ್ಲೋ ಸತ್ತ ಸಿಪಾಯಿಗೆ ಪತ್ರಿಕೆಯಲ್ಲಿ ನಾಲ್ಕು ಸಾಲು ಸಿಕ್ಕರೆ ಹೆಚ್ಚು. ಊರು ಇಬ್ಬರನ್ನೂ ಹುತಾತ್ಮರೆಂದೇ ಕರೆಯುತ್ತದೆ. ಕಡತ ಹಾಗೆ ಕರೆಯುವುದಿಲ್ಲ. ಅಲ್ಲಿರುವುದು ‘ಬ್ಯಾಟಲ್ ಕ್ಯಾಶುಯಲ್ಟಿ’, ‘ಫಿಸಿಕಲ್ ಕ್ಯಾಶುಯಲ್ಟಿ’ ಎಂಬ ವಿಂಗಡಣೆ. ಮೊದಲನೆಯದಾದರೆ ಕುಟುಂಬಕ್ಕೆ ಉದಾರೀಕೃತ ಪಿಂಚಣಿ, ಅಂದರೆ ಕೊನೆಯ ಸಂಬಳದಷ್ಟು. ಎರಡನೆಯದಾಗಿದ್ದು, ಸಾವಿಗೆ ಸೇವೆಯೇ ಕಾರಣವೆಂದು ಒಪ್ಪಿದರೆ ವಿಶೇಷ ಪಿಂಚಣಿ, ಶೇ 60. ಒಪ್ಪದಿದ್ದರೆ ಸಾಮಾನ್ಯ ಪಿಂಚಣಿ, ಕೊನೆಗೆ ಶೇ 30. ಹೀಗಾಗಿ ‘ಸೇವೆಗೆ ಸಂಬಂಧಿಸಿದ್ದು’ ಎಂಬ ಒಂದು ಷರಾದ ಮೇಲೆ ಮನೆಯ ಜೀವನ ನಿಂತಿರುತ್ತದೆ. ಷರಾ ತಪ್ಪೆನಿಸಿದರೆ ಮೇಲ್ಮನವಿಗೆ ದಾರಿಯಿದೆ, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯೂ ಇದೆ. ಹಳ್ಳಿಯ ಹೆಣ್ಣುಮಗಳಿಗೆ ಅದನ್ನು ಹೇಳುವವರು ಬೇಕು.

ನಮ್ಮಂಥವರು ದುಡ್ಡು ಕಳಿಸಿ ಕೈತೊಳೆದುಕೊಳ್ಳುವುದಕ್ಕಿಂತ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರಬಹುದು. ಪಿಂಚಣಿ ಈಗ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡದಿದ್ದರೆ ಹಣ ನಿಲ್ಲುತ್ತದೆ. ಆಧಾರ್‌ನಲ್ಲಿ ‘ಲಕ್ಷ್ಮವ್ವ’, ಸೇನಾ ದಾಖಲೆಯಲ್ಲಿ ‘ಲಕ್ಷ್ಮೀಬಾಯಿ’ ಎಂದಿದ್ದರೆ ಸರಿಪಡಿಸುವಷ್ಟರಲ್ಲಿ ತಿಂಗಳುಗಳೇ ಉರುಳಬಹುದು. ಹಬ್ಬಕ್ಕೆ ಊರಿಗೆ ಹೋದಾಗ ಅಂಥ ಮನೆಯಿದ್ದರೆ ಲ್ಯಾಪ್‌ಟಾಪ್ ಹಿಡಿದು ಒಂದು ಮಧ್ಯಾಹ್ನ ಕೂತು ಬನ್ನಿ. ಪಿಂಚಣಿ ಆದೇಶದಲ್ಲಿ ಯಾವ ಬಗೆಯ ಪಿಂಚಣಿ ಎಂದು ಬರೆದಿದೆ ನೋಡಿ, ಅನುಮಾನ ಬಂದರೆ ಅವರ ಜೊತೆ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿ.