ಅಜ್ಜಿ ಹೇಳಿದ್ದು, ಮೊಮ್ಮಗ ಬರೆದದ್ದು

1937ರ ಸೆಪ್ಟೆಂಬರಿನಲ್ಲಿ ಐರ್ಲೆಂಡಿನ ಹಳ್ಳಿಶಾಲೆಗಳ ಮಕ್ಕಳಿಗೆ ವಿಚಿತ್ರವಾದ ಮನೆಪಾಠವೊಂದು ಸಿಕ್ಕಿತು. ಎಂದಿನ ಪ್ರಬಂಧ ಬೇಡ. ಊರಿನ ಮುದುಕ ಮುದುಕಿಯರ ಬಳಿ ಕುಳಿತು ಅವರು ಹೇಳಿದ್ದನ್ನು ಬರೆದುಕೊಂಡು ಬನ್ನಿ. ಹೂತಿಟ್ಟ ನಿಧಿ, ಪವಿತ್ರ ಬಾವಿ, ಮಳೆಯ ಲಕ್ಷಣ, ಮನೆಮದ್ದು, ಹಳೆಯ ಸ್ಮಶಾನ ಹೀಗೆ ಐವತ್ತಕ್ಕೂ ಹೆಚ್ಚು ವಿಷಯಗಳ ಪಟ್ಟಿ ಮೇಷ್ಟರ ಕೈಯಲ್ಲಿತ್ತು.

ಇದನ್ನು ಮಾಡಿಸಿದ್ದು 1935ರಲ್ಲಿ ಸ್ಥಾಪನೆಯಾದ ಐರಿಷ್ ಜಾನಪದ ಆಯೋಗ. ಅದರ ಅವಸರಕ್ಕೆ ಕಾರಣವಿತ್ತು. 1845ರಲ್ಲಿ ಆಲೂಗೆಡ್ಡೆಗೆ ರೋಗ ತಗುಲಿ ಬಂದ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಜನ ಹಡಗು ಹತ್ತಿದರು. ಐರಿಷ್ ಭಾಷೆಯಾಡುವ ಬಡವರೇ ಅದರಲ್ಲಿ ಹೆಚ್ಚು. 1937ರಲ್ಲಿ ಎಂಬತ್ತು ದಾಟಿದ್ದವರು ಆ ದಿನಗಳನ್ನು ಹೆತ್ತವರ ಬಾಯಿಂದ ಕೇಳಿದ್ದರು. ಯಾವ ಮನೆ ಪಾಳುಬಿತ್ತು, ಯಾವ ಹೊಲದಲ್ಲಿ ಹೆಣಗಳನ್ನು ಹೂತರು ಎಂಬುದು ಅವರೊಂದಿಗೇ ಮಣ್ಣಾಗುವುದರಲ್ಲಿತ್ತು.

ಹೇಳಿದ್ದೆಲ್ಲ ಇತಿಹಾಸವೇನಲ್ಲ. ಹೊಲದ ನಡುವಿನ ದುಂಡನೆಯ ಮಣ್ಣುದಿಬ್ಬಗಳಲ್ಲಿ ಯಕ್ಷಿಣಿಯರಿದ್ದಾರೆ, ಅಲ್ಲಿ ನೇಗಿಲು ಹಾಕಬಾರದು ಎಂದು ಹಿರಿಯರು ಹೇಳುತ್ತಿದ್ದರು. ವಾಸ್ತವದಲ್ಲಿ ಅವು ಹೆಚ್ಚಾಗಿ ಕ್ರಿ.ಶ. 500ರಿಂದ 1000ದ ನಡುವಿನ ರೈತರ ಮನೆಯಂಗಳದ ಆವರಣಗಳು. ಆದರೆ ಎಷ್ಟೋ ದಿಬ್ಬಗಳು ಇಂದಿಗೂ ಉಳಿದಿರುವುದು ಕಾನೂನಿನಿಂದಲ್ಲ, ಆ ಹೆದರಿಕೆಯಿಂದ! ಮೂಢನಂಬಿಕೆ ಎಂದು ತಳ್ಳಿಹಾಕುವವರು ಇದನ್ನೂ ಗಮನಿಸಬೇಕು.

ಮಕ್ಕಳ ಜೊತೆಗೆ ಆಯೋಗದ ಸಂಗ್ರಾಹಕರೂ ಹಳ್ಳಿ ಅಲೆದರು. ಕೆರ್ರಿ ಕೌಂಟಿಯ ಕಡಲಂಚಿನ ಹಳ್ಳಿ ಡನ್‌ಕ್ವಿನ್. ಅಲ್ಲಿ 1873ರಲ್ಲಿ ಹುಟ್ಟಿದ ಪೆಗ್ ಸೇಯರ್ಸ್ ಮದುವೆಯಾಗಿ ಎದುರಿನ ಗ್ರೇಟ್ ಬ್ಲಾಸ್ಕೆಟ್ ದ್ವೀಪ ಸೇರಿದ್ದಳು; ಆತ್ಮಕತೆಯನ್ನು ಮಗನಿಗೆ ಹೇಳಿ ಬರೆಸಿದ್ದಳು. 1942ರಲ್ಲಿ ತವರೂರಿಗೆ ಮರಳಿದ ಆ ಅಜ್ಜಿಯಿಂದ ಊರ ಮೇಷ್ಟರ ಮಗ ಷೋಸವ್ ಓ ಡಾಲಿ ನೂರಾರು ಕತೆಗಳನ್ನು ಸಂಗ್ರಹಿಸಿದ. ಹನ್ನೊಂದು ವರ್ಷಗಳ ನಂತರ, 1953ರಲ್ಲಿ, ದ್ವೀಪವೇ ಖಾಲಿಯಾಯಿತು.

ಸಂಗ್ರಾಹಕರು ಕತೆಗಳನ್ನು ಎಡಿಫೋನ್ ಯಂತ್ರದ ಮೇಣದ ಉರುಳೆಗಳಲ್ಲಿ ಮುದ್ರಿಸಿಕೊಳ್ಳುತ್ತಿದ್ದರು. ಆಯೋಗಕ್ಕೆ ಹಣದ ಅಡಚಣೆ. ಕತೆ ಕಾಗದಕ್ಕಿಳಿದ ಮೇಲೆ ಮೇಣ ಹೆರೆದು ಉರುಳೆಯನ್ನು ಮತ್ತೆ ಬಳಸಲಾಗುತ್ತಿತ್ತು. ಮಾತು ಉಳಿಯಿತು, ಎಷ್ಟೋ ಹಿರಿಯರ ದನಿ ಅಳಿಸಿಹೋಯಿತು.

1939ರ ಹೊತ್ತಿಗೆ ಸುಮಾರು 5,000 ಶಾಲೆಗಳಿಂದ ಬಂದದ್ದು 7,40,000 ಪುಟ. ಈಗ ಆ ಪುಟಗಳು ಅಂತರಜಾಲದಲ್ಲಿವೆ. ಊರಿನ ಹೆಸರು ಹುಡುಕಿದರೆ ಮಗುವಿನ ದುಂಡು ಅಕ್ಷರ ಕಾಣುತ್ತದೆ. ಎಷ್ಟೋ ಪುಟಗಳ ಕೊನೆಗೆ ಹೇಳಿದವರ ಹೆಸರು, ಊರು, ವಯಸ್ಸು.