ಗಾಜು ಇಳಿಸಿದರೆ ಕರೆಂಟು ಉಳಿತಾಯ



ನಿಮ್ಮ ಮಕ್ಕಳು ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿಗೋ ಔಷಧ ಕಾರ್ಖಾನೆಯ ಲ್ಯಾಬಿಗೋ ಹೋಗುವವರಾದರೆ ಫ್ಯೂಮ್ ಹುಡ್ ಎಂಬ ಮಾತು ಕೇಳಿರುತ್ತೀರಿ. ಅದೊಂದು ದೊಡ್ಡ ಕಪಾಟು. ಮುಂದುಗಡೆ ಮೇಲೆ ಕೆಳಗೆ ಸರಿಯುವ ಗಾಜು; ಹಿಂದುಗಡೆಯಿಂದ ಗಾಳಿಯನ್ನೆಳೆದು ತಾರಸಿಯ ಚಿಮಣಿಯಿಂದ ಹೊರಗೆಸೆಯುವ ಫ್ಯಾನು. ಆಸಿಡ್, ಬೆಂಜೀನ್, ಕ್ಲೋರೊಫಾರಂಗಳ ಆವಿ ಕೆಲಸ ಮಾಡುವವರ ಮೂಗಿಗೆ ತಾಗಬಾರದೆಂದು ಈ ಏರ್ಪಾಡು.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದ ನನಗೆ ಇದರಲ್ಲೂ ಜಮಾ ಖರ್ಚೇ ಕಾಣುತ್ತದೆ. ಲೆಕ್ಕ ಹಾಕೋಣ. ಗಾಜಿನ ಕೆಳಗಿನ ಕಂಡಿ 5 ಅಡಿ ಅಗಲ, ಒಂದೂವರೆ ಅಡಿ ಎತ್ತರ ಎನ್ನಿ. ಅಲ್ಲಿ ಗಾಳಿ ನಿಮಿಷಕ್ಕೆ ಸುಮಾರು 100 ಅಡಿ ವೇಗದಲ್ಲಿ ಒಳಗೆ ಹೋಗಬೇಕೆಂಬುದು ರೂಢಿ. ಅಂದರೆ ನಿಮಿಷಕ್ಕೆ 750 ಘನ ಅಡಿ, ಗಂಟೆಗೆ 45,000 ಘನ ಅಡಿ. ಉದ್ದ, ಅಗಲ, ಎತ್ತರ ಹತ್ತತ್ತು ಅಡಿಯ ಕೋಣೆಯಷ್ಟು ಗಾಳಿ ಒಂದೂವರೆ ನಿಮಿಷದೊಳಗೆ ಖಾಲಿ!

ವಿಷ ಬೆರೆತಿರಬಹುದಾದ್ದರಿಂದ ಅದನ್ನು ಆಫೀಸಿನ ಏಸಿಯಂತೆ ಮತ್ತೆ ಕೋಣೆಗೆ ಬಿಡುವಂತಿಲ್ಲ. ಹೋದಷ್ಟೇ ಹೊಸ ಗಾಳಿ ಒಳಗೆ ಬರಬೇಕು. ನಮ್ಮ ಕಾಸರಗೋಡಿನ ಸೆಕೆಯಲ್ಲಿ ಆ ಗಾಳಿಯನ್ನು ತಂಪು ಮಾಡಿ, ತೇವ ತೆಗೆಯುವುದಕ್ಕೆ ಎಷ್ಟು ಕರೆಂಟು ಬೇಕೆಂದು ನೀವೇ ಊಹಿಸಿ.

ಹಾಗೆಂದು ಬಿಲ್ಲಿಗೆ ಹೆದರಿ ಫ್ಯಾನಿನ ವೇಗವನ್ನು ಮನಬಂದಂತೆ ತಗ್ಗಿಸಿದರೆ ಉಳಿತಾಯ ಯಜಮಾನನಿಗೆ, ಕೆಮ್ಮು ಕೆಲಸಗಾರನಿಗೆ. ವೇಗ ವಿಪರೀತ ಹೆಚ್ಚಿಸುವುದೂ ತಪ್ಪೇ. ಎದುರು ನಿಂತವರ ಮೈಯ ಸುತ್ತ ಗಾಳಿ ಸುಳಿ ತಿರುಗಿ ಆವಿಯನ್ನು ಹೊರಕ್ಕೇ ಎಳೆಯುತ್ತದೆ.

ಸರಿಯಾದ ದಾರಿ ಕಂಡಿಯನ್ನೇ ಕಿರಿದು ಮಾಡುವುದು. ಗಾಜನ್ನು ಅರ್ಧ ಅಡಿಗೆ ಇಳಿಸಿದರೆ ಅದೇ 100 ಅಡಿ ವೇಗಕ್ಕೆ 250 ಘನ ಅಡಿ ಗಾಳಿ ಸಾಕು. ಆದರೆ ಗಾಜು ಇಳಿದಂತೆ ಫ್ಯಾನೂ ನಿಧಾನವಾಗುವ ಏರ್ಪಾಡು ಇರಬೇಕು. ಇಲ್ಲವಾದರೆ ಬಿಲ್ಲು ಅಷ್ಟೇ ಬರುತ್ತದೆ. ಫ್ಯಾನಿನ ಗಣಿತ ಬಡ್ಡಿಯ ಗಣಿತಕ್ಕಿಂತ ಸ್ವಾರಸ್ಯ: ಗಾಳಿ ಅರ್ಧವಾದರೆ ಬೇಕಾಗುವ ಶಕ್ತಿ, ಲೆಕ್ಕದ ಪ್ರಕಾರ, ಎಂಟನೆಯ ಒಂದು ಪಾಲು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಗಾಜು ಇಳಿಸಿಡುವುದಕ್ಕೆಂದೇ ಲ್ಯಾಬುಗಳ ನಡುವೆ ಸ್ಪರ್ಧೆ ನಡೆಸಿದ್ದಾರೆ. ಲಕ್ಷಗಟ್ಟಲೆಯ ಯಂತ್ರ ಇದ್ದರೂ ಗಾಜು ಇಳಿಸುವುದು ಮನುಷ್ಯನ ಕೈಯೇ ತಾನೆ?

ನಿಮ್ಮ ಮಕ್ಕಳಿಗೆ ಇಷ್ಟು ಹೇಳಿ: ಕೈಬಿಟ್ಟು ಹೋಗುವಾಗ ಗಾಜು ಇಳಿಸಲಿ. ಹುಡ್ಡಿನೊಳಗೆ ಬಾಟಲಿ ಪೇರಿಸಿ ಹಿಂದಿನ ಕಿಂಡಿ ಮುಚ್ಚದಿರಲಿ. ಎದುರಿಗೆ ಟೇಬಲ್ ಫ್ಯಾನು ಬೇಡ. ಗಾಜಿನ ಕೆಳ ಅಂಚಿಗೆ ತೆಳು ಕಾಗದದ ಚೂರೊಂದನ್ನು ಅಂಟಿಸಿ ನೋಡಲಿ. ಅದು ಅಳತೆಯ ಉಪಕರಣಕ್ಕೆ ಬದಲಿಯಲ್ಲ, ನಿಜ. ಆದರೆ ಕಾಗದ ಒಳಕ್ಕೆ ವಾಲದಿದ್ದರೆ ಆ ದಿನ ಅಲ್ಲಿ ಬಾಟಲಿಯ ಮುಚ್ಚಳ ತೆರೆಯುವುದು ಬೇಡ.