ಆ ಸೋಲನ್ನು ಅಳೆಯುವುದು ಹೇಗೆ?

ಮಗ ಕಾಲೇಜಿನ ಪಂದ್ಯ ಸೋತು ಮನೆಗೆ ಬಂದ ಸಂಜೆಯನ್ನು ನೀವು ಕಂಡಿರಬಹುದು. ಶೂ ಬಾಗಿಲಲ್ಲೇ ಬಿದ್ದಿರುತ್ತದೆ. ಮುಂದಿಟ್ಟ ಚಹಾ ಆರಿ ತಣ್ಣಗಾಗುತ್ತದೆ. "ಏನಾಯಿತು ಮೋನೇ?" ಎಂದರೆ ಉತ್ತರವಿಲ್ಲ. ಆದರೆ ಉಳಿದವರೆಲ್ಲ ಉತ್ತರ ಸಿದ್ಧವಾಗಿಟ್ಟುಕೊಂಡಿರುತ್ತಾರೆ. "ಓದು ಬಿಟ್ಟು ಆಟದ ಹಿಂದೆ ಹೋದರೆ ಇಷ್ಟೇ" ಎಂದು ತಂದೆ. "ಕೋಚ್ ಸರಿಯಿಲ್ಲ" ಎಂದು ಅಣ್ಣ. "ಪಾಪ, ಅದೃಷ್ಟ ಕೈಕೊಟ್ಟಿತು" ಎಂದು ಅಜ್ಜಿ. ಪಂದ್ಯವನ್ನು ನೋಡಿದವರು ಇವರಲ್ಲಿ ಒಬ್ಬರೂ ಇಲ್ಲ!

ಇಂತಹ ತೀರ್ಪುಗಳು ಒಂದು ಮನೆಯಲ್ಲಲ್ಲ, ಒಂದು ಇಡೀ ರಾಜ್ಯದಲ್ಲಿ ಏಕಕಾಲಕ್ಕೆ ಕೇಳಿಬಂದ ಸೋಲೊಂದಿದೆ. ಅದು ನಡೆದದ್ದು ಅಮೇರಿಕದ ಮಿಶಿಗನ್ ರಾಜ್ಯದ ಆನ್ ಆರ್ಬರ್ ಎಂಬ ಊರಿನಲ್ಲಿ, 2007ರ ಸೆಪ್ಟೆಂಬರ್ 1ರಂದು. ಸೋತದ್ದು ಮಿಶಿಗನ್ ವಿಶ್ವವಿದ್ಯಾನಿಲಯದ ಫುಟ್ಬಾಲ್ ತಂಡ. ಆ ಸೋಲನ್ನು ಅಂದು ಅಳೆದವರಲ್ಲಿ ಬಹುಪಾಲು ಮಂದಿ ತಪ್ಪಾಗಿ ಅಳೆದರು. ಇಂದು ಅದರ ಹಿಂದು ಮುಂದು ಎರಡೂ ನಮ್ಮ ಕಣ್ಣ ಮುಂದಿರುವುದರಿಂದ ಎಲ್ಲಿ ತಪ್ಪಿದರೆಂದು ನೋಡಬಹುದು.

ಅಮೇರಿಕದವರು ಫುಟ್ಬಾಲ್ ಎನ್ನುವುದು ನಮ್ಮ ಮಕ್ಕಳು ಗದ್ದೆಯಲ್ಲಿ ಒದೆಯುವ ಕಾಲ್ಚೆಂಡಲ್ಲ. ಅಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೇ ಎಸೆಯುತ್ತಾರೆ. ಎರಡೂ ಕಡೆ ತಲಾ ಹನ್ನೊಂದು ಮಂದಿ. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು, ಆಗದಿದ್ದರೆ ಚೆಂಡು ಎದುರಾಳಿಗೆ. ಅಂಗಳದ ತುದಿಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಅದರ ನಂತರ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೊಂದು ಅಂಕ. ಧೈರ್ಯ ಮಾಡಿ ಮತ್ತೊಮ್ಮೆ ಗೆರೆ ದಾಟಿದರೆ ಎರಡು ಅಂಕ. ಟಚ್‌ಡೌನ್ ಸಾಧ್ಯವಾಗದಾಗ ದೂರದಿಂದ ಒದ್ದು ಮೂರು ಅಂಕ ಪಡೆಯುವುದಕ್ಕೆ ಫೀಲ್ಡ್ ಗೋಲ್ ಎನ್ನುತ್ತಾರೆ. ಈ ಕಥೆಗೆ ಇಷ್ಟು ತಿಳಿದರೆ ಸಾಕು.

ಮಿಶಿಗನ್ ಎಂದರೆ ಆ ಆಟದಲ್ಲಿ ದೊಡ್ಡ ಮನೆತನ. ಋತು ಶುರುವಾಗುವ ಮೊದಲೇ ಪತ್ರಕರ್ತರು ಮತ ಹಾಕಿ ತಯಾರಿಸುವ ಪಟ್ಟಿಯಲ್ಲಿ ಆ ವರ್ಷ ಅದಕ್ಕೆ ಐದನೆಯ ಸ್ಥಾನ. ಎದುರಾಳಿ ಅಪಲಾಚಿಯನ್ ಸ್ಟೇಟ್, ನಾರ್ತ್ ಕೆರೊಲಿನಾದ ಬೆಟ್ಟದೂರು ಬೂನ್‌ನಿಂದ ಬಂದದ್ದು. ಅದು ಕೆಳ ವಿಭಾಗದ ತಂಡ. ಮೇಲಿನ ವಿಭಾಗದಲ್ಲಿ 85 ಆಟಗಾರರಿಗೆ ವಿದ್ಯಾರ್ಥಿವೇತನ ಕೊಡಬಹುದಾಗಿದ್ದರೆ ಕೆಳಗಿನದರಲ್ಲಿ ಕೇವಲ 63. ದೊಡ್ಡ ತಂಡಗಳು ಋತುವಿನ ಆರಂಭದಲ್ಲಿ ಇಂತಹ ಚಿಕ್ಕ ತಂಡವೊಂದನ್ನು ಹಣ ಕೊಟ್ಟು ಕರೆಸಿ, ಸೋಲಿಸಿ ಕಳುಹಿಸುವುದು ಅಲ್ಲಿನ ರೂಢಿ. ಮಿಶಿಗನ್ ಕೊಟ್ಟದ್ದು ನಾಲ್ಕು ಲಕ್ಷ ಡಾಲರ್. ಅಂದು ಮೈದಾನದಲ್ಲಿ ಸೇರಿದ್ದವರು ಒಂದು ಲಕ್ಷ ಒಂಬತ್ತು ಸಾವಿರಕ್ಕೂ ಹೆಚ್ಚು ಜನ. ಹಣ ಕೊಟ್ಟು ಸೋಲನ್ನು ಮನೆಗೆ ತಂದುಕೊಂಡ ಹಾಗಾಯಿತು!

ವಿರಾಮದ ವೇಳೆಗೆ ಅತಿಥಿಗಳು 28-17ರಿಂದ ಮುಂದಿದ್ದರು. ಮಿಶಿಗನ್‌ನ ಮೈಕ್ ಹಾರ್ಟ್ ಗಾಯದಿಂದ ಕೆಲಕಾಲ ಹೊರಗೆ ಕುಳಿತಿದ್ದ. ಮತ್ತೆ ಬಂದವನು ತಂಡವನ್ನು ಹೆಗಲ ಮೇಲೆ ಹೊತ್ತಂತೆ ಓಡಿದ. ಕೊನೆಯ ಐದು ನಿಮಿಷಕ್ಕೆ ಬರುವಷ್ಟರಲ್ಲಿ ಅವನ 54 ಗಜದ ಓಟದಿಂದ ಮಿಶಿಗನ್ 32-31ಕ್ಕೆ ಏರಿತು. ಇನ್ನೊಂದು ಫೀಲ್ಡ್ ಗೋಲ್ ಹೊಡೆದಿದ್ದರೆ ಭದ್ರವಾಗುತ್ತಿತ್ತು. ಅದನ್ನು ಎದುರಾಳಿಗಳು ತಡೆದರು. ಉಳಿದ ಒಂದೂವರೆ ನಿಮಿಷದಲ್ಲಿ ಚೆಂಡನ್ನು ಅಂಗಳದ ಆ ತುದಿಗೆ ಒಯ್ದು, ಇನ್ನು 26 ಸೆಕೆಂಡು ಇರುವಾಗ ಮೂರು ಅಂಕ ಗಳಿಸಿದರು. 34-32. ಅಷ್ಟಕ್ಕೂ ಮುಗಿಯಲಿಲ್ಲ. ಮಿಶಿಗನ್ ಒಂದೇ ದೊಡ್ಡ ಎಸೆತದಿಂದ ಹತ್ತಿರ ಬಂದು ಕೊನೆಯ ಕ್ಷಣದಲ್ಲಿ 37 ಗಜದ ಫೀಲ್ಡ್ ಗೋಲಿಗೆ ನಿಂತಿತು. ಕೋರಿ ಲಿಂಚ್ ಎಂಬ ಯುವಕ ಅಂಚಿನಿಂದ ನುಗ್ಗಿ ಬಂದು ಅದನ್ನೂ ತಡೆದ. ಪತ್ರಕರ್ತರ ಪಟ್ಟಿಯಲ್ಲಿದ್ದ ತಂಡವೊಂದು ಕೆಳ ವಿಭಾಗದ ತಂಡಕ್ಕೆ ಸೋತದ್ದು ಅದೇ ಮೊದಲು.

ಮನೆಯ ಅಜ್ಜಿಯ ಮಾತು ನೆನಪಿದೆಯಲ್ಲವೇ? "ಅದೃಷ್ಟ ಕೈಕೊಟ್ಟಿತು." ಕೊನೆಯ ಒದೆತವೊಂದನ್ನೇ ನೋಡಿದರೆ ಹಾಗೆಯೇ ಕಾಣುತ್ತದೆ. ಎಷ್ಟೋ ಜನ ಬೈದದ್ದು ಒದ್ದ ಹುಡುಗನನ್ನು. ಅವನ ಹೆಸರು ಇಲ್ಲಿ ಬೇಡ. ಎದುರಾಳಿಯನ್ನು ತಡೆಯಬೇಕಿದ್ದ ಮುಂದಿನ ಸಾಲು ದಾರಿ ಬಿಟ್ಟರೆ ಒದೆಯುವವನು ಏನು ಮಾಡಿಯಾನು? ಅದೂ ಕೆಲವೇ ನಿಮಿಷಗಳಲ್ಲಿ ಎರಡು ಬಾರಿ ಹೀಗಾಯಿತು. ಒಮ್ಮೆಯಾದರೆ ಅದೃಷ್ಟ ಎನ್ನಬಹುದು. ಎರಡು ಬಾರಿಯಾದರೆ ಅದು ಅಭ್ಯಾಸದ ಕೊರತೆ.

ಇನ್ನೊಂದು ಲೆಕ್ಕವೂ ಇದೆ. ದ್ವಿತೀಯಾರ್ಧದ ಎರಡು ಟಚ್‌ಡೌನ್‌ಗಳ ನಂತರ ಮಿಶಿಗನ್ ಸುಲಭದ ಒಂದು ಅಂಕವನ್ನು ಬಿಟ್ಟು ಎರಡು ಅಂಕಕ್ಕೆ ಕೈಹಾಕಿತು. ಎರಡು ಸಲವೂ ವಿಫಲ. ಆ ಎರಡು ಅಂಕಗಳು ಸೇರಿದ್ದರೆ 34-34 ಆಗುತ್ತಿತ್ತು ಎಂದು ಬೆರಳು ಮಡಚಿ ಎಣಿಸಿದವರಿದ್ದಾರೆ. ಈ ಲೆಕ್ಕ ಸುಳ್ಳಲ್ಲ. ಆದರೆ ಸೋತ ಮೇಲೆ ಎಣಿಸಿದರೆ ಎಲ್ಲ ಲೆಕ್ಕವೂ ಸುಲಭ. ನಾನು ಕೇಳುವ ಪ್ರಶ್ನೆ ಬೇರೆ. ಐದನೆಯ ಸ್ಥಾನದ ತಂಡ ಎರಡು ಅಂಕಗಳಿಗಾಗಿ ಒದ್ದಾಡುವ ಸ್ಥಿತಿಗೆ ಬಂದದ್ದಾದರೂ ಹೇಗೆ?

ಇದಕ್ಕೆ ಉತ್ತರ ಆ ದಿನದಲ್ಲಿ ಇಲ್ಲ, ಹಿಂದಿನ ವರ್ಷದಲ್ಲಿದೆ. 2006ರಲ್ಲಿ ಮಿಶಿಗನ್ ಸತತ ಹನ್ನೊಂದು ಪಂದ್ಯ ಗೆದ್ದಿತ್ತು. ನಂತರ ಒಹಾಯೊ ಸ್ಟೇಟ್ ಎದುರು 42-39ರಿಂದ ಸೋತಿತು. ಅದಾದ ಮೇಲೆ 2007ರ ಜನವರಿಯಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಎದುರು 32-18. ಕೊನೆಯ ಎರಡು ಪಂದ್ಯಗಳಲ್ಲಿ 74 ಅಂಕ ಬಿಟ್ಟುಕೊಟ್ಟ ತಂಡವದು. ಅದರ ಮೇಲೆ, ರಕ್ಷಣೆಯ ನಾಲ್ವರು ಮುಖ್ಯ ಆಟಗಾರರಾದ ಲಿಯಾನ್ ಹಾಲ್, ಅಲನ್ ಬ್ರಾಂಚ್, ಲಾಮಾರ್ ವುಡ್ಲಿ, ಡೇವಿಡ್ ಹ್ಯಾರಿಸ್ ಓದು ಮುಗಿದು ಅಥವಾ ವೃತ್ತಿಯ ಕರೆಗೆ ಓಗೊಟ್ಟು ಹೊರಟಿದ್ದರು. ವೃತ್ತಿಪರ ತಂಡಗಳು ಅವರನ್ನು ಮೊದಲ ಎರಡು ಸುತ್ತುಗಳಲ್ಲೇ ಆರಿಸಿಕೊಂಡಿದ್ದವು. ಗೋಡೆಯ ನಾಲ್ಕು ಕಲ್ಲು ಕಿತ್ತುಹೋದ ಮೇಲೂ ಮನೆಯನ್ನು ಹಿಂದಿನ ಬೆಲೆಗೇ ಕಟ್ಟಿದ ಹಾಗೆ, ಪತ್ರಕರ್ತರು ಐದನೆಯ ಸ್ಥಾನ ಕೊಟ್ಟುಬಿಟ್ಟರು. ಅದಕ್ಕೆ ಕಾರಣ ಕ್ವಾರ್ಟರ್‌ಬ್ಯಾಕ್ ಚಾಡ್ ಹೆನ್ನಿ, ಮೈಕ್ ಹಾರ್ಟ್, ಭೀಮಕಾಯದ ಜೇಕ್ ಲಾಂಗ್ ಈ ಮೂವರೂ ವೃತ್ತಿಗೆ ಹೋಗದೆ ಕೊನೆಯ ವರ್ಷ ಕಾಲೇಜಿನಲ್ಲೇ ಉಳಿದದ್ದು. ಆಕ್ರಮಣದ ಹೆಸರುಗಳು ಕಣ್ಣು ಕೋರೈಸಿದವು. ರಕ್ಷಣೆ ಖಾಲಿಯಾದದ್ದು ಕಾಣಲಿಲ್ಲ.

ಅಪಲಾಚಿಯನ್ ಸ್ಟೇಟ್ ತಂಡವನ್ನು ಅಳೆದವರಾದರೂ ಸರಿಯಾಗಿ ಅಳೆದರೇ? ಅದು 2005 ಮತ್ತು 2006ರಲ್ಲಿ ತನ್ನ ವಿಭಾಗದ ಚಾಂಪಿಯನ್. 2007ರ ಋತು ಮುಗಿದಾಗ ಮೂರನೆಯ ಬಾರಿಯೂ ಅದೇ ಗೆದ್ದಿತು. ತರಬೇತುದಾರ ಜೆರ್ರಿ ಮೂರ್ ಅನುಭವಿ. ಅವರ ಆಟದ ಕ್ರಮಕ್ಕೆ ಸ್ಪ್ರೆಡ್ ಎಂದು ಹೆಸರು. ಆಟಗಾರರನ್ನು ಅಂಗಳದ ಅಗಲಕ್ಕೂ ಹರಡಿ ನಿಲ್ಲಿಸಿ, ನಡುವೆ ಉಂಟಾದ ತೆರಪಿನಲ್ಲಿ ಚುರುಕಿನವರನ್ನು ಓಡಿಸುವುದು. ಅರ್ಮಾಂಟಿ ಎಡ್ವರ್ಡ್ಸ್ ಎಂಬ ತೆಳ್ಳನೆಯ ಕ್ವಾರ್ಟರ್‌ಬ್ಯಾಕ್ ಎಸೆಯಲೂ ಬಲ್ಲ, ಓಡಲೂ ಬಲ್ಲ. ಮುಂದೆ ಅವನೂ ಲಿಂಚ್ ಕೂಡ ವೃತ್ತಿಪರ ತಂಡಗಳಿಗೆ ಆಯ್ಕೆಯಾದರು. ಚಿಕ್ಕ ತಂಡ ಎಂಬುದು ಚೀಟಿಯ ಮೇಲಿನ ಬರಹ ಅಷ್ಟೇ, ಆಟಗಾರರು ಚಿಕ್ಕವರಾಗಿರಲಿಲ್ಲ. ವಧುವಿನ ಮನೆಯ ಹಂಚು ನೋಡಿ ಹುಡುಗಿಯ ಗುಣ ಹೇಳುವವರನ್ನು ನೀವೂ ಕಂಡಿದ್ದೀರಲ್ಲ!

ಒಂದು ವಾರದ ನಂತರ ಒರೆಗನ್ ತಂಡ ಅದೇ ಮೈದಾನಕ್ಕೆ ಬಂತು. ಅದರದ್ದೂ ಸ್ಪ್ರೆಡ್ ಆಟ. 39-7ರಿಂದ ಮಿಶಿಗನ್‌ನನ್ನು ಬಡಿದುಹಾಕಿತು. ಹೆನ್ನಿಯೂ ಗಾಯಗೊಂಡ. ಹಳೆಯ ವರ್ಷದ ಎರಡು, ಹೊಸ ವರ್ಷದ ಎರಡು, ಸಾಲಾಗಿ ನಾಲ್ಕು ಸೋಲು. ಬಿಟ್ಟುಕೊಟ್ಟ ಅಂಕಗಳು 42, 32, 34, 39. ಈ ನಾಲ್ಕು ಅಂಕಿಗಳನ್ನು ಒಂದೇ ಸಾಲಿನಲ್ಲಿ ಬರೆದು ನೋಡಿದವರಿಗೆ ಸೆಪ್ಟೆಂಬರ್ 1ರ ಸೋಲು ಆಶ್ಚರ್ಯವೆನಿಸುವುದಿಲ್ಲ. ಮೊದಲ ವಾರ "ಆಕಸ್ಮಿಕ" ಎಂದವರೇ ಈಗ "ಎಲ್ಲ ಮುಗಿಯಿತು" ಎಂದರು. ಲಾಯ್ಡ್ ಕಾರ್ ಹೋಗಲಿ ಎಂಬ ಕೂಗು ಎದ್ದಿತು. 1995ರಿಂದ ತಂಡವನ್ನು ನಡೆಸಿ, 1997ರಲ್ಲಿ ಒಂದೂ ಪಂದ್ಯ ಸೋಲದೆ ಅದಕ್ಕೆ ರಾಷ್ಟ್ರಮಟ್ಟದ ಅಗ್ರಸ್ಥಾನ ತಂದುಕೊಟ್ಟಿದ್ದ ತರಬೇತುದಾರ ಅವರು.

ಮುಂದಿನ ವಾರವೇ ನಾಟ್ರೆ ಡೇಮ್ ಎದುರು 38-0 ಗೆಲುವು! ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿ ಆಡಿದವನು ಆಗಷ್ಟೇ ಕಾಲೇಜು ಸೇರಿದ ಹುಡುಗ, ರಯಾನ್ ಮ್ಯಾಲೆಟ್. ಹಾಗಾದರೆ ತಂಡ ಸರಿಯಾಯಿತೇ? ಇಲ್ಲಿಯೂ ಅವಸರ ಬೇಡ. ಆ ವರ್ಷದ ನಾಟ್ರೆ ಡೇಮ್ ಹನ್ನೆರಡು ಪಂದ್ಯಗಳಲ್ಲಿ ಗೆದ್ದದ್ದು ಮೂರು ಮಾತ್ರ. ನಿಜವಾದ ಗುಣ ಕಂಡದ್ದು ಅದರ ಮುಂದಿನ ವಾರ, ಪೆನ್ ಸ್ಟೇಟ್ ಎದುರಿನ 14-9ರ ಗೆಲುವಿನಲ್ಲಿ. ಅಬ್ಬರವಿಲ್ಲ, ಆದರೆ ಬಿಟ್ಟುಕೊಟ್ಟದ್ದು ಒಂಬತ್ತೇ ಅಂಕ. ಸೋರುತ್ತಿದ್ದ ಜಾಗಕ್ಕೆ ಯಾರೋ ಕೂತು ಗಾರೆ ಹಾಕಿದ್ದರು. ಒಟ್ಟು ಎಂಟು ಪಂದ್ಯ ಸತತವಾಗಿ ಗೆದ್ದರು. ಆಮೇಲೆ ವಿಸ್ಕಾನ್ಸಿನ್ ಎದುರು ಸೋಲು, ಒಹಾಯೊ ಸ್ಟೇಟ್ ಎದುರು 14-3ರ ಸೋಲು. ಹೆನ್ನಿ, ಹಾರ್ಟ್, ಲಾಂಗ್ ಮೂವರೂ ತಮ್ಮ ಕಾಲೇಜು ವರ್ಷಗಳಲ್ಲಿ ಒಮ್ಮೆಯೂ ಒಹಾಯೊವನ್ನು ಸೋಲಿಸಲಾಗದೆ ಹೊರಟರು. ಅದಾಗಿ ಎರಡೇ ದಿನಕ್ಕೆ ಕಾರ್ ನಿವೃತ್ತಿ ಘೋಷಿಸಿದರು.

ಕೊನೆಯ ಪಂದ್ಯ 2008ರ ಜನವರಿ 1ರಂದು, ಫ್ಲಾರಿಡಾ ಎದುರು. ಆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದ ಟಿಮ್ ಟೀಬೊ ಅವರ ಕಡೆ ಇದ್ದ. ಮಿಶಿಗನ್ ತಾನೂ ಆಟಗಾರರನ್ನು ಹರಡಿ ನಿಲ್ಲಿಸಿ, ಬಿಡುಬೀಸಾಗಿ ಎಸೆದು ಆಡಿತು. 41-35ರ ಗೆಲುವು. ಹುಡುಗರು ಕಾರ್‌ರನ್ನು ಹೆಗಲ ಮೇಲೆ ಹೊತ್ತು ಹೊರತಂದರು. ಒಂಬತ್ತು ಗೆಲುವು, ನಾಲ್ಕು ಸೋಲು. ಪಟ್ಟಿಯಲ್ಲಿ ಹದಿನೆಂಟನೆಯ ಸ್ಥಾನ. ನನ್ನ ಮಟ್ಟಿಗೆ ಆ ತಂಡದ ಸರಿಯಾದ ಅಳತೆ ಇದೇ. ಐದನೆಯದೂ ಅಲ್ಲ, ನಗೆಪಾಟಲೂ ಅಲ್ಲ. ವರ್ಷದ ಆರಂಭದಲ್ಲೇ ಹದಿನೆಂಟು ಎಂದಿದ್ದರೆ ಆ ಹುಡುಗರು ಅಷ್ಟು ಅವಮಾನ ಅನುಭವಿಸಬೇಕಾಗಿರಲಿಲ್ಲ.

ತಪ್ಪು ಅಳತೆಯ ಬೆಲೆ ಮರುವರ್ಷವೂ ಬಂತು. "ಕಾಯಿಲೆ ಏನೆಂದರೆ ಹಳೆಯ ಪದ್ಧತಿ, ಮದ್ದು ಸ್ಪ್ರೆಡ್" ಎಂದು ಹಲವರು ನಂಬಿದ್ದರು. ಆ ಆಟದಲ್ಲಿ ಹೆಸರು ಮಾಡಿದ್ದ ರಿಚ್ ರಾಡ್ರಿಗಸ್ ಅವರನ್ನು ವೆಸ್ಟ್ ವರ್ಜೀನಿಯಾದಿಂದ ಕರೆತರಲಾಯಿತು. ಹೆನ್ನಿ, ಹಾರ್ಟ್, ಲಾಂಗ್ ಓದು ಮುಗಿಸಿ ಹೋಗಿದ್ದರು. ಮ್ಯಾಲೆಟ್ ಬೇರೆ ಕಾಲೇಜಿಗೆ ಹೊರಟುಹೋದ. ಹೊಸ ಆಟಕ್ಕೆ ಒಗ್ಗುವ ಹುಡುಗರು ಮನೆಯಲ್ಲಿರಲಿಲ್ಲ. 2008ರಲ್ಲಿ ಗೆದ್ದದ್ದು ಮೂರು, ಸೋತದ್ದು ಒಂಬತ್ತು. 1967ರ ನಂತರ ಮಿಶಿಗನ್‌ಗೆ ಗೆಲುವಿಗಿಂತ ಸೋಲು ಹೆಚ್ಚಾದ ಮೊದಲ ವರ್ಷವದು. ರೋಗ ಗುರುತಿಸಿದ್ದು ಅರ್ಧ ಸರಿಯೇ ಇತ್ತು. ಆದರೆ ಹೊಟ್ಟೆಗೆ ಹಿಡಿಸದ ಮದ್ದನ್ನು ಒಂದೇ ಗುಟುಕಿಗೆ ಕುಡಿಸಿದರು.

ಈ ಗದ್ದಲದಲ್ಲಿ ಒಂದು ಮಾತು ಯಾರೂ ಆಡಲಿಲ್ಲ. ಅಂದು ಅತಿಥಿ ಕಾಲೇಜಿಗೆ ನಾಲ್ಕು ಲಕ್ಷ ಡಾಲರ್ ಹೋಯಿತು, ಆತಿಥೇಯ ಕಾಲೇಜಿಗೆ ಲಕ್ಷ ಟಿಕೆಟಿನ ಹಣ ಬಂತು. ಆಡಿದ ಹುಡುಗರಿಗೆ ಓದು, ವಸತಿ, ಊಟದ ಖರ್ಚು ಬಿಟ್ಟರೆ ಸಂಬಳವಿಲ್ಲ. ತಮ್ಮ ಹೆಸರಿನಿಂದ ಹಣ ಗಳಿಸುವ ಅವಕಾಶ ಕಾಲೇಜು ಆಟಗಾರರಿಗೆ ಸಿಕ್ಕಿದ್ದು 2021ರಲ್ಲಿ. ಕಾಲೇಜುಗಳೇ ನೇರವಾಗಿ ಪಾಲು ಕೊಡಬಹುದೆಂದಾದದ್ದು 2025ರಲ್ಲಿ. 2007ರ ಹುಡುಗರಿಗೆ ಬಂದ ಪಾಲು ಬೈಗುಳ ಮಾತ್ರ. ಇಪ್ಪತ್ತರ ಆಸುಪಾಸಿನ ಮಕ್ಕಳು! ಅವರ ತಾಯಂದಿರು ಆ ವಾರ ಪತ್ರಿಕೆಗಳನ್ನು ಎಲ್ಲಿ ಅಡಗಿಸಿಟ್ಟರೋ ಎಂದು ನನಗೆ ಅನ್ನಿಸುತ್ತದೆ.

ಅವೇ ಎರಡು ತಂಡಗಳು 2014ರ ಆಗಸ್ಟ್‌ನಲ್ಲಿ ಅದೇ ಮೈದಾನದಲ್ಲಿ ಮತ್ತೆ ಎದುರಾದವು. ಅಪಲಾಚಿಯನ್ ಸ್ಟೇಟ್ ಆಗಷ್ಟೇ ಮೇಲಿನ ವಿಭಾಗಕ್ಕೆ ಏರಿತ್ತು. ಈ ಸಲ ಮಿಶಿಗನ್‌ಗೆ 52-14ರ ಗೆಲುವು. ಹಳೆಯ ಸಾಲ ತೀರಿತೆಂದು ಸಂಭ್ರಮಿಸಿದವರು ಬಹಳ. ಆ ವರ್ಷ ಮುಗಿದಾಗ ಅಪಲಾಚಿಯನ್ ಸ್ಟೇಟ್ ಏಳು ಗೆದ್ದು ಐದು ಸೋತಿತ್ತು. ಮಿಶಿಗನ್ ಐದು ಗೆದ್ದು ಏಳು ಸೋತು, ಆಗಿನ ತನ್ನ ತರಬೇತುದಾರರನ್ನು ಮನೆಗೆ ಕಳುಹಿಸಿತ್ತು.